ಅಕ್ವೇರಿಯಂ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಸದ್ದು: ಕಾರಣಗಳು ಮತ್ತು ನಿವಾರಣೋಪಾಯಗಳು

(ಅಲಂಕಾರಿಕ ಮೀನು ಸಾಕಣೆದಾರರು ಹಾಗೂ ಮೀನುಗಾರಿಕೆ ಇಲಾಖೆಯ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

ಮನೆಗಳಲ್ಲಿ, ಕಚೇರಿಗಳಲ್ಲಿ ಹಾಗೂ ಸಣ್ಣ ಪ್ರಮಾಣದ ಅಲಂಕಾರಿಕ ಮೀನು ಘಟಕಗಳಲ್ಲಿ ದೊಡ್ಡ ಗಾಜಿನ ತೊಟ್ಟಿಗಳ ನೀರನ್ನು ಶುದ್ಧೀಕರಿಸಲು ಕ್ಯಾನಿಸ್ಟರ್ ಫಿಲ್ಟರುಗಳನ್ನು ಬಳಸಲಾಗುತ್ತದೆ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇರಿಸುವ, ಮುಚ್ಚಳ ಭದ್ರವಾಗಿರುವ ಡಬ್ಬಿಯಂತಹ ಈ ಸಾಧನವು ಸರಿಯಾಗಿದ್ದಾಗ ಬಹುತೇಕ ನಿಶ್ಶಬ್ದವಾಗಿ ಕೆಲಸ ಮಾಡುತ್ತದೆ. ಅದು ಗೊರಗೊರ, ಕಟಕಟ ಅಥವಾ ಗುಂಯ್‌ಗುಡುವ ಸದ್ದು ಮಾಡಲು ತೊಡಗಿದಾಗ ಹಲವರು ಕೈಗೊಳ್ಳುವ ಸುಲಭ ಕ್ರಮವೆಂದರೆ ರಾತ್ರಿ ಮಲಗುವ ಮುನ್ನ ಅದರ ಸ್ವಿಚ್ ಆರಿಸಿ ಬೆಳಿಗ್ಗೆ ಪುನಃ ಹಾಕುವುದು. ಸದ್ದಿಗಿಂತ ಹೆಚ್ಚಿನ ಹಾನಿ ಉಂಟಾಗುವುದು ಈ ಕ್ರಮದಿಂದಲೇ ಆಗಿರುವುದರಿಂದ ಅದರ ಕಾರಣವನ್ನು ಮೊದಲು ತಿಳಿಯುವುದು ಅಗತ್ಯ.

ಫಿಲ್ಟರನ್ನು ಏಕೆ ನಿಲ್ಲಿಸಬಾರದು

ಮೀನುಗಳು ಕಿವಿರುಗಳ ಮೂಲಕ ಅಮೋನಿಯಾವನ್ನು ವಿಸರ್ಜಿಸುತ್ತವೆ. ಉಳಿದ ಆಹಾರ ಮತ್ತು ಮಲ ಕೊಳೆತಾಗಲೂ ಅಮೋನಿಯಾ ಉತ್ಪತ್ತಿಯಾಗುತ್ತದೆ. ಫಿಲ್ಟರಿನೊಳಗಿನ ಸ್ಪಂಜು, ಪಿಂಗಾಣಿ ಉಂಗುರ ಮುಂತಾದ ಮಾಧ್ಯಮಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ಕಾರ್ಯಕ್ಕೆ ಅವುಗಳಿಗೆ ಆಮ್ಲಜನಕ ನಿರಂತರವಾಗಿ ಬೇಕು. ಆ ಆಮ್ಲಜನಕವು ಹರಿಯುವ ನೀರಿನ ಮೂಲಕವೇ ಅವುಗಳಿಗೆ ತಲುಪುತ್ತದೆ.

ಕ್ಯಾನಿಸ್ಟರ್ ಫಿಲ್ಟರು ಗಾಳಿಯಾಡದಂತೆ ಮುಚ್ಚಿದ ಡಬ್ಬಿ. ಹರಿವು ನಿಂತೊಡನೆ ಒಳಗಿನ ನೀರಿನಲ್ಲಿರುವ ಆಮ್ಲಜನಕವು ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಬೇಸಿಗೆಯಲ್ಲಿ ನೀರು ಬೆಚ್ಚಗಿದ್ದು ಅದರಲ್ಲಿ ಕರಗಿರುವ ಆಮ್ಲಜನಕವೇ ಕಡಿಮೆ ಇರುವುದರಿಂದ ಇನ್ನೂ ಬೇಗ ಮುಗಿಯುತ್ತದೆ. ಉಪಯುಕ್ತ ಬ್ಯಾಕ್ಟೀರಿಯಾಗಳು ದುರ್ಬಲಗೊಂಡು ಡಬ್ಬಿಯೊಳಗಿನ ಕಸ ಕೊಳೆಯತೊಡಗುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದಾಗ ಆ ಕೊಳೆತ ನೀರೆಲ್ಲವೂ ಒಮ್ಮೆಗೇ ಮೀನಿರುವ ತೊಟ್ಟಿಗೆ ಸೇರುತ್ತದೆ. ಪ್ರತಿ ರಾತ್ರಿ ಹೀಗೆ ಮಾಡುವ ಮನೆಗಳಲ್ಲಿ ಮೀನುಗಳು ಕಾರಣ ತಿಳಿಯದಂತೆ ಒಂದೊಂದಾಗಿ ಸಾಯುವುದುಂಟು. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುವುದರಿಂದ ಫಿಲ್ಟರಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ರಚನೆ ಮತ್ತು ಕಾರ್ಯವಿಧಾನ

ತೊಟ್ಟಿಯ ನೀರು ಒಳಹರಿವಿನ ಕೊಳವೆಯ ಮೂಲಕ ತನ್ನ ಭಾರದಿಂದಲೇ ಕೆಳಗಿಳಿದು ಡಬ್ಬಿಯನ್ನು ತುಂಬುತ್ತದೆ. ಮಾಧ್ಯಮಗಳ ಮೂಲಕ ಸಾಗಿದ ನಂತರ ಮುಚ್ಚಳದಲ್ಲಿರುವ ಮೋಟಾರು ಅದನ್ನು ಹೊರಹರಿವಿನ ಕೊಳವೆಯ ಮೂಲಕ ತೊಟ್ಟಿಗೆ ಹಿಂದಿರುಗಿಸುತ್ತದೆ. ಇಳಿಯುವ ಮತ್ತು ಏರುವ ಎರಡೂ ನೀರಿನ ಕಂಬಗಳು ಒಂದನ್ನೊಂದು ಸರಿದೂಗಿಸುವುದರಿಂದ ಸಣ್ಣ ಮೋಟಾರೇ ಸಾಕಾಗುತ್ತದೆ. ಈ ಕಾರಣದಿಂದ ಫಿಲ್ಟರನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಇರಿಸತಕ್ಕದ್ದು. ತೊಟ್ಟಿಯ ಪಕ್ಕದ ಮೇಜಿನ ಮೇಲೆ, ಹೆಚ್ಚುಕಡಿಮೆ ಸಮಮಟ್ಟದಲ್ಲಿ ಇರಿಸಿದ ಫಿಲ್ಟರು ನೀರನ್ನು ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಗಾಳಿ ಒಳಗೇ ಉಳಿದು ಸದ್ದು ಮಾಡುತ್ತದೆ.

ಮೋಟಾರಿನ ವಿದ್ಯುತ್ ಸುರುಳಿಯನ್ನು ರಾಳದಲ್ಲಿ ಅಚ್ಚುಹಾಕಿ ನೀರು ತಾಗದಂತೆ ಮುಚ್ಚಲಾಗಿರುತ್ತದೆ. ತಿರುಗುವ ಭಾಗ ಒಂದೇ: ಉರುಳೆಯಾಕಾರದ ಅಯಸ್ಕಾಂತ ಮತ್ತು ಅದಕ್ಕೆ ಜೋಡಿಸಿದ ರೆಕ್ಕೆಗಳು. ಇದನ್ನು ಇಂಪೆಲ್ಲರ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಪಿಂಗಾಣಿಯ ತೆಳುವಾದ ದಂಡದ ಮೇಲೆ, ಎರಡೂ ತುದಿಗಳಲ್ಲಿ ರಬ್ಬರ್ ಬುಷ್‌ಗಳ ಆಧಾರದಿಂದ, ನೀರಿನಲ್ಲೇ ತಿರುಗುತ್ತದೆ. ನೀರೇ ಇದಕ್ಕೆ ಎಣ್ಣೆಯೂ ಹೌದು, ತಂಪೂ ಹೌದು. ಭಾರತದ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಎರಡು ಧ್ರುವಗಳ ಇಂತಹ ಮೋಟಾರು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಈ ವೇಗದಲ್ಲಿ ಒಂದು ಮರಳಿನ ಕಣವೂ ಕಿವಿಗೆ ಕೇಳುವಷ್ಟು ಸದ್ದು ಮಾಡಬಲ್ಲದು.

ಸಹಜವಾದ ಸದ್ದು

ಎಲ್ಲ ಸದ್ದೂ ದೋಷದ ಸೂಚನೆಯಲ್ಲ. ಕಪಾಟಿನ ಬಾಗಿಲು ತೆರೆದು ಕಿವಿಗೊಟ್ಟಾಗ ಮಾತ್ರ ಕೇಳುವ ಸಮನಾದ ಮಂದ ಗುಂಯ್‌ಕಾರವು ಪರ್ಯಾಯ ವಿದ್ಯುತ್ತಿನಿಂದ ನಡೆಯುವ ಮೋಟಾರಿಗೆ ಸಹಜ. ಸ್ವಿಚ್ ಹಾಕಿದ ಕ್ಷಣದಲ್ಲಿ ಒಂದೆರಡು ಬಾರಿ ಟಕಟಕ ಎನ್ನುವುದೂ ಸಹಜ. ಇಂಪೆಲ್ಲರನ್ನು ಕೈಯಲ್ಲಿ ಹಿಡಿದು ನೋಡಿದಾಗ ರೆಕ್ಕೆಗಳು ಅಯಸ್ಕಾಂತದ ಮೇಲೆ ಸ್ವಲ್ಪ ದೂರ ಸಡಿಲವಾಗಿ ತಿರುಗಿ ನಂತರ ತಡೆಯುವುದು ಅನೇಕ ಮಾದರಿಗಳಲ್ಲಿ ಕಂಡುಬರುತ್ತದೆ. ಮೋಟಾರು ಸುಲಭವಾಗಿ ಹೊರಡಲೆಂದು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡಲಾಗಿದ್ದು, ಇದನ್ನು ಮುರಿದಿದೆಯೆಂದು ಭಾವಿಸಿ ಅಂಟು ಹಾಕಿದಲ್ಲಿ ಒಳ್ಳೆಯ ಇಂಪೆಲ್ಲರೇ ಹಾಳಾಗುತ್ತದೆ. ಹೊರಹರಿವಿನ ನೀರು ಎತ್ತರದಿಂದ ಬೀಳುವ ಸದ್ದಂತೂ ಫಿಲ್ಟರಿನದೇ ಅಲ್ಲ. ಆವಿಯಾಗಿ ಇಳಿದ ನೀರಿನ ಮಟ್ಟವನ್ನು ತುಂಬಿದರೆ ಅದು ತಾನಾಗಿ ನಿಲ್ಲುತ್ತದೆ.

ತೆರೆಯುವ ಮೊದಲು ಪರೀಕ್ಷೆ

ಫಿಲ್ಟರನ್ನು ಬಿಚ್ಚುವ ಮುನ್ನ ಎರಡು ಸರಳ ಪರೀಕ್ಷೆಗಳನ್ನು ಮಾಡುವುದು ಸೂಕ್ತ. ಮೊದಲನೆಯದು, ನಡೆಯುತ್ತಿರುವ ಡಬ್ಬಿಯನ್ನು ಎರಡೂ ಕೈಗಳಿಂದ ಹಿಡಿದು ಕಪಾಟಿನ ತಳದಿಂದ ಒಂದಂಗುಲ ಎತ್ತುವುದು. ಸದ್ದು ತಕ್ಷಣ ಕಡಿಮೆಯಾದರೆ ದೋಷವು ಫಿಲ್ಟರಿನೊಳಗಿಲ್ಲ. ಕಂಪನವು ಮರಕ್ಕೆ ತಾಗಿ ದೊಡ್ಡದಾಗುತ್ತಿದೆ. ಎರಡನೆಯದು, ಪ್ಲಗ್ ತೆಗೆದು ಹತ್ತು ಸೆಕೆಂಡುಗಳ ನಂತರ ಪುನಃ ಹಾಕುವುದು. ಹೊರಹರಿವಿನಲ್ಲಿ ಗುಳ್ಳೆಗಳ ಗುಂಪು ಹೊರಬಂದು ಸದ್ದು ಬದಲಾದರೆ ಒಳಗೆ ಗಾಳಿ ಸಿಲುಕಿದೆಯೆಂದು ತಿಳಿಯಬೇಕು. ಈ ಎರಡರಿಂದಲೂ ವ್ಯತ್ಯಾಸವಾಗದೆ ಒಂದೇ ಸಮನೆ ಕಟಕಟ ಅಥವಾ ಕಿರಿಕಿರಿ ಮುಂದುವರಿದಲ್ಲಿ ಮಾತ್ರ ಇಂಪೆಲ್ಲರನ್ನು ಹೊರತೆಗೆದು ನೋಡತಕ್ಕದ್ದು.

ಗಾಳಿ ಸಿಲುಕುವುದು

ಗೊರಗೊರ ಸದ್ದು, ಬಿಟ್ಟುಬಿಟ್ಟು ಕೇಳುವ ಜಲ್ಲಿ ಅಲುಗಾಡಿಸಿದಂತಹ ಸದ್ದು, ಹೊರಹರಿವಿನಲ್ಲಿ ಸಣ್ಣ ಗುಳ್ಳೆಗಳು, ಇವು ಗಾಳಿಯ ಲಕ್ಷಣಗಳು. ಸ್ವಚ್ಛಗೊಳಿಸಿದ ಮೊದಲ ದಿನ ಇದು ಸಾಮಾನ್ಯ. ಒಣಗಿದ ಮಾಧ್ಯಮದ ರಂಧ್ರಗಳಲ್ಲಿರುವ ಗಾಳಿ ನಿಧಾನವಾಗಿ ಹೊರಬರುತ್ತದೆ. ಡಬ್ಬಿಯನ್ನು ಎಲ್ಲ ದಿಕ್ಕುಗಳಿಗೂ ಮೆಲ್ಲನೆ ವಾಲಿಸಿದರೆ ಗಾಳಿಯು ಮೇಲಕ್ಕೆ ಬಂದು ಹೊರಹೋಗುತ್ತದೆ. ಮುಚ್ಚಳ ಹಾಕುವ ಮೊದಲೇ ಡಬ್ಬಿಯನ್ನು ತೊಟ್ಟಿಯ ನೀರಿನಿಂದ ತುಂಬಿಸಿಕೊಂಡರೆ ಈ ತೊಂದರೆ ಬಹುಪಾಲು ಇರುವುದಿಲ್ಲ.

ಎರಡು ಮೂರು ದಿನಗಳಾದರೂ ಗುಳ್ಳೆಗಳು ನಿಲ್ಲದಿದ್ದರೆ ಗಾಳಿ ಎಲ್ಲಿಂದಲೋ ಹೊಸದಾಗಿ ಸೇರುತ್ತಿದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಿರುವ ಒಳಹರಿವಿನ ಕೊಳವೆಯ ಭಾಗದಲ್ಲಿ, ಅಂದರೆ ಗಾಜಿನ ಅಂಚಿನ ಮೇಲೆ ಬಾಗುವ ಜಾಗದಲ್ಲಿ, ಒತ್ತಡವು ಹೊರಗಿನ ವಾಯು ಒತ್ತಡಕ್ಕಿಂತ ಕಡಿಮೆ ಇರುತ್ತದೆ. ಅಲ್ಲಿಯ ಜೋಡಣೆ ಸಡಿಲವಾಗಿದ್ದರೆ ಒಂದು ಹನಿ ನೀರೂ ಹೊರಬರುವುದಿಲ್ಲ, ಬದಲಾಗಿ ಗಾಳಿ ಒಳಸೇರುತ್ತದೆ. ನೀರು ಸೋರುತ್ತಿಲ್ಲವಾದ್ದರಿಂದ ಜೋಡಣೆಯೂ ಸರಿಯಿದೆ ಎಂದು ನಿರ್ಧರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಕೊಳವೆಯ ತುದಿ ಗಟ್ಟಿಯಾಗಿ ಸೀಳಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮೆದುವಾಗಿಸಿ, ಪುನಃ ಪೂರ್ತಿಯಾಗಿ ಒಳತಳ್ಳಬೇಕು. ತೊಟ್ಟಿಯ ಮಟ್ಟಕ್ಕಿಂತ ಕೆಳಗಿರುವ ಜೋಡಣೆ ಸಡಿಲವಾದರೆ ಇದಕ್ಕೆ ವಿರುದ್ಧವಾಗಿ ನೀರೇ ಸೋರುತ್ತದೆ.

ಗಾಳಿ ಸೇರುವ ಇತರ ದಾರಿಗಳೂ ಉಂಟು. ಏರ್ ಪಂಪಿನ ಕಲ್ಲು ಒಳಹರಿವಿನ ಜಾಲರಿಯ ಪಕ್ಕದಲ್ಲಿಯೇ ಇದ್ದರೆ ಗುಳ್ಳೆಗಳು ನೇರವಾಗಿ ಕೊಳವೆಗೆ ಹೋಗುತ್ತವೆ. ಅದನ್ನು ತೊಟ್ಟಿಯ ಇನ್ನೊಂದು ಮೂಲೆಗೆ ಸರಿಸಿದರೆ ಸಾಕು. ನೀರಿನ ಮಟ್ಟ ಇಳಿದು ಜಾಲರಿಯ ಮೇಲೆ ಸುಳಿ ಏಳುತ್ತಿದ್ದರೂ ಗಾಳಿ ಸೇರುತ್ತದೆ. ಸ್ಪಂಜು ಕಸದಿಂದ ಮುಚ್ಚಿಹೋದಾಗ ಹರಿವು ಕ್ಷೀಣಿಸಿ, ಇದ್ದ ಗಾಳಿಯನ್ನು ಹೊರದೂಡುವ ಶಕ್ತಿ ಮೋಟಾರಿಗೆ ಉಳಿಯುವುದಿಲ್ಲ. ಹರಿವನ್ನು ಕಡಿಮೆ ಮಾಡಬೇಕಾದಲ್ಲಿ ಹೊರಹರಿವಿನ ಕವಾಟವನ್ನು ಮಾತ್ರ ತಿರುಗಿಸಬೇಕು. ಒಳಹರಿವಿನ ಕವಾಟವನ್ನು ಅರ್ಧ ಮುಚ್ಚಿದರೆ ಮೋಟಾರಿಗೆ ನೀರು ಸಾಲದೆ ಸದ್ದು ಇನ್ನಷ್ಟು ಹೆಚ್ಚುತ್ತದೆ.

ಇಂಪೆಲ್ಲರ್ ಮತ್ತು ಗಡಸು ನೀರು

ಪ್ಲಗ್ ತೆಗೆದು, ಕವಾಟಗಳನ್ನು ಮುಚ್ಚಿ, ಮುಚ್ಚಳದ ಕೆಳಭಾಗದಲ್ಲಿರುವ ಇಂಪೆಲ್ಲರ್ ಕೋಣೆಯನ್ನು ತೆರೆಯಬೇಕು. ಅಲ್ಲಿ ಸಾಮಾನ್ಯವಾಗಿ ಕಂಡುಬರುವುದು ಮರಳು, ಗಿಡದ ನಾರು, ಚಿಕ್ಕ ಬಸವನಹುಳು ಅಥವಾ ಜಾರುವ ಕಂದು ಪದರ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಯಸ್ಕಾಂತವನ್ನೂ ಕೋಣೆಯ ಒಳಗೋಡೆಯನ್ನೂ ಉಜ್ಜಿ ತೊಳೆದರೆ ಎಷ್ಟೋ ಫಿಲ್ಟರುಗಳು ಅಲ್ಲಿಗೇ ಸುಮ್ಮನಾಗುತ್ತವೆ. ಪಿಂಗಾಣಿ ದಂಡವು ಬಳಪದಂತೆ ಬಿರುಸಾಗಿದ್ದು ಸುಲಭವಾಗಿ ಮುರಿಯುವುದರಿಂದ ಇಂಪೆಲ್ಲರನ್ನು ಓರೆಯಾಗಿ ಎಳೆಯದೆ ನೇರವಾಗಿ ಹೊರತೆಗೆಯಬೇಕು. ದಂಡವು ಸವೆದು ನಡುವೆ ತೆಳ್ಳಗಾಗಿದ್ದರೆ, ಮುರಿದಿದ್ದರೆ, ಅಥವಾ ರಬ್ಬರ್ ಬುಷ್ ಗಟ್ಟಿಯಾಗಿ ಅದರ ರಂಧ್ರ ದೊಡ್ಡದಾಗಿದ್ದರೆ ತೊಳೆಯುವುದರಿಂದ ಪ್ರಯೋಜನವಿಲ್ಲ. ಅದೇ ಮಾದರಿಯ ಬಿಡಿಭಾಗವನ್ನು ತಂದು ಹಾಕಬೇಕು. ಎಷ್ಟೋ ಬಾರಿ ಸ್ವಚ್ಛಗೊಳಿಸುವ ಅವಸರದಲ್ಲಿ ರಬ್ಬರ್ ಬುಷ್ ಕೋಣೆಯ ತಳದಿಂದ ಜಾರಿ, ತೊಳೆದ ನೀರಿನೊಂದಿಗೆ ಬಚ್ಚಲಿಗೆ ಹೋಗಿರುತ್ತದೆ. ಸ್ವಚ್ಛಗೊಳಿಸಿದ ದಿನದಿಂದಲೇ ಸದ್ದು ಆರಂಭವಾದಲ್ಲಿ, ಗಾಳಿಯ ನಂತರ ಪರಿಶೀಲಿಸಬೇಕಾದುದು ಇದನ್ನೇ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗಗಳಲ್ಲಿಯೂ ಬೆಂಗಳೂರಿನ ಕೊಳವೆಬಾವಿ ಆಧಾರಿತ ಬಡಾವಣೆಗಳಲ್ಲಿಯೂ ನೀರು ಹಲವೆಡೆ ಗಡಸಾಗಿರುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಸುಣ್ಣದ ಪದರವೇ ಇಂಪೆಲ್ಲರಿನ ಮೇಲೆಯೂ ಕಟ್ಟುತ್ತದೆ. ಅಯಸ್ಕಾಂತ ಮತ್ತು ಕೋಣೆಯ ಗೋಡೆಗಳ ನಡುವಿನ ಅಂತರ ತೀರಾ ಕಿರಿದಾಗಿರುವುದರಿಂದ ಪದರವು ದಪ್ಪವಾದಂತೆ ಉಜ್ಜುವ ಸದ್ದು ಆರಂಭವಾಗಿ, ಕೊನೆಗೆ ಇಂಪೆಲ್ಲರು ತಿರುಗುವುದೇ ನಿಲ್ಲುತ್ತದೆ. ಬ್ರಷ್ಷಿಗೆ ಬಾರದ ಈ ಪದರವನ್ನು ಬಿಳಿ ವಿನೆಗರಿನಲ್ಲಿ ಅಥವಾ ಸೋಸಿದ ನಿಂಬೆರಸದಲ್ಲಿ ಅರ್ಧ ಗಂಟೆಯಿಂದ ಒಂದೆರಡು ಗಂಟೆ ನೆನೆಸಿ, ಉಜ್ಜಿ, ಸಾಕಷ್ಟು ನೀರಿನಲ್ಲಿ ತೊಳೆದು ತೆಗೆಯಬಹುದು. ಬ್ಯಾಕ್ಟೀರಿಯಾಗಳಿರುವ ಸ್ಪಂಜು ಮತ್ತು ಉಂಗುರಗಳಿಗೆ ವಿನೆಗರ್ ತಾಗಬಾರದು. ವಿನೆಗರ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಂದೇ ಪಾತ್ರೆಯಲ್ಲಿ ಎಂದಿಗೂ ಬೆರೆಸಬಾರದು; ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಸೋಪು, ಪಾತ್ರೆ ತೊಳೆಯುವ ಪುಡಿಗಳ ಅಂಶ ಮೀನಿನ ಕಿವಿರುಗಳಿಗೆ ಹಾನಿಕರವಾದ್ದರಿಂದ ಅವುಗಳನ್ನೂ ಬಳಸತಕ್ಕದ್ದಲ್ಲ.

ಸದ್ದು ನಿಲ್ಲಲೆಂದು ದಂಡಕ್ಕೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಚ್ಚುವುದು ಕಂಡುಬಂದಿದೆ. ಎಣ್ಣೆಯು ಮೊದಲ ನಿಮಿಷದಲ್ಲೇ ತೊಳೆದುಹೋಗಿ ತೊಟ್ಟಿಯ ನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಮುಚ್ಚಳದ ಸುತ್ತಲಿನ ರಬ್ಬರ್ ಉಂಗುರಕ್ಕೆ ಮಾತ್ರ ಅಲ್ಪ ಪ್ರಮಾಣದಲ್ಲಿ ಸಿಲಿಕೋನ್ ಗ್ರೀಸ್ ಹಚ್ಚಬಹುದು. ಪೆಟ್ರೋಲಿಯಂ ಜೆಲ್ಲಿಯಿಂದ ಕೆಲವು ಬಗೆಯ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಮಾಧ್ಯಮಗಳನ್ನು ತೊಳೆಯುವ ಬಗೆ

ಫಿಲ್ಟರನ್ನು ತೆರೆದಾಗ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆಯುವುದು ರೂಢಿ. ನಗರ ಸರಬರಾಜಿನ ನೀರಿನಲ್ಲಿರುವ ಕ್ಲೋರಿನ್ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ನಾಶಪಡಿಸುತ್ತದೆ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಹಿಂಡಿ ತೊಳೆಯಬೇಕು, ಕಂದು ಬಣ್ಣ ಉಳಿದರೂ ಚಿಂತೆಯಿಲ್ಲ. ಎಲ್ಲ ಮಾಧ್ಯಮಗಳನ್ನೂ ಒಂದೇ ದಿನ ಹೊಸದಾಗಿ ಬದಲಾಯಿಸಿದ ತೊಟ್ಟಿಯಲ್ಲಿ ಅಮೋನಿಯಾ ಏರುವುದು ಬಹುತೇಕ ಖಚಿತ. ನೀರಿನ ಪಿಎಚ್ ಮತ್ತು ಉಷ್ಣತೆ ಹೆಚ್ಚಿದಂತೆ ಅಮೋನಿಯಾದ ವಿಷವೂ ಹೆಚ್ಚುತ್ತದೆ. ಆದುದರಿಂದ ಕ್ಷಾರಯುಕ್ತ ಕೊಳವೆಬಾವಿ ನೀರನ್ನು ಬಳಸುವವರು ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ವಹಿಸಬೇಕು.

ಕಂಪನ

ಟೊಳ್ಳಾದ ಪ್ಲೈವುಡ್ ಕಪಾಟು ತಬಲೆಯಂತೆ ವರ್ತಿಸಿ ಸಣ್ಣ ಕಂಪನವನ್ನು ದೊಡ್ಡದು ಮಾಡುತ್ತದೆ. ಡಬ್ಬಿಯ ಕೆಳಗಿನ ರಬ್ಬರ್ ಪಾದಗಳು ನಾಲ್ಕೂ ಇವೆಯೇ, ಡಬ್ಬಿಯಾಗಲಿ ಕೊಳವೆಗಳಾಗಲಿ ಕಪಾಟಿನ ಗೋಡೆಗೆ ತಾಗುತ್ತಿವೆಯೇ ಎಂದು ನೋಡಬೇಕು. ಕೆಳಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಸನ್ನು ಇರಿಸುವುದರಿಂದ ಸಮಸ್ಯೆ ಬಗೆಹರಿಯುತ್ತದೆ. ಡಬ್ಬಿಯನ್ನು ಬಟ್ಟೆಯಿಂದ ಬಿಗಿಯಾಗಿ ಸುತ್ತಬಾರದು, ಸೋರಿಕೆ ಕಾಣಿಸದಂತಾಗುತ್ತದೆ.

ವಿದ್ಯುತ್ ಪೂರೈಕೆಗೆ ಸಂಬಂಧಿಸಿದ ಸದ್ದು

ಕರೆಂಟು ಹೋಗಿ ಇನ್ವರ್ಟರ್ ಚಾಲನೆಗೊಂಡಾಗ ಮಾತ್ರ ಫಿಲ್ಟರು ಗಟ್ಟಿಯಾಗಿ ಗುಂಯ್‌ಗುಟ್ಟಿದರೆ ಅದು ಫಿಲ್ಟರಿನ ದೋಷವಲ್ಲ. ಕಡಿಮೆ ಬೆಲೆಯ ಇನ್ವರ್ಟರುಗಳು ಚೌಕಾಕಾರದ ಅಲೆಯ ವಿದ್ಯುತ್ತನ್ನು ನೀಡುತ್ತವೆ. ಅದರಲ್ಲಿ 50 ಹರ್ಟ್ಸ್ ಜೊತೆಗೆ 150, 250 ಹರ್ಟ್ಸ್ ಮುಂತಾದ ಉಪತರಂಗಗಳೂ ಇರುವುದರಿಂದ ಮೋಟಾರು ಸದ್ದು ಮಾಡುವುದಲ್ಲದೆ ಹೆಚ್ಚು ಬಿಸಿಯಾಗುತ್ತದೆ. ಶುದ್ಧ ಸೈನ್ ಅಲೆಯ ಇನ್ವರ್ಟರಿನಲ್ಲಿ ಈ ತೊಂದರೆ ಇರುವುದಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ತಂದುಕೊಟ್ಟ ಫಿಲ್ಟರುಗಳ ವಿಷಯ ಬೇರೆ. ಅವು 120 ವೋಲ್ಟ್, 60 ಹರ್ಟ್ಸ್‌ಗೆಂದು ತಯಾರಾದವು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸುವುದಿಲ್ಲ. ಹಾಗಾಗಿ ನಿಮಿಷಕ್ಕೆ 3600 ಸುತ್ತು ತಿರುಗಬೇಕಾದುದು 3000 ಸುತ್ತು ತಿರುಗಿ, ಹರಿವು ಕುಗ್ಗಿ, ಸುರುಳಿ ಬಿಸಿಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ 230 ವೋಲ್ಟಿಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಸದ್ದು ಕಡಿಮೆ ಮಾಡಲು ಫ್ಯಾನಿನ ರೆಗ್ಯುಲೇಟರಿಗೆ ಫಿಲ್ಟರನ್ನು ಜೋಡಿಸುವುದೂ ಅಪಾಯಕರ. ಈ ಬಗೆಯ ಮೋಟಾರು ನಿಧಾನವಾಗುವುದಿಲ್ಲ. ತಿರುಗುವುದನ್ನೇ ನಿಲ್ಲಿಸಿ ಬಿಸಿಯಾಗುತ್ತದೆ.

ಸುರಕ್ಷತೆ

ನೀರಿನಲ್ಲಿ ಕೈ ಇಡುವ ಮುನ್ನ ಫಿಲ್ಟರ್, ಹೀಟರ್, ದೀಪ ಎಲ್ಲದರ ಪ್ಲಗ್ಗನ್ನೂ ತೆಗೆಯತಕ್ಕದ್ದು. ಸ್ವಿಚ್ ಆರಿಸಿದರೆ ಸಾಲದು. ವಿದ್ಯುತ್ ತಂತಿಯು ಸಾಕೆಟ್ಟಿಗಿಂತ ಕೆಳಕ್ಕೆ ಜೋತುಬಿದ್ದು ನಂತರ ಮೇಲೇರುವಂತೆ ಇರಬೇಕು. ಆಗ ತಂತಿಯ ಮೇಲೆ ಹರಿದ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಅಕ್ವೇರಿಯಂ ಸಾಕೆಟ್ಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ರಕ್ಷಣೆ ಇರುವುದು ಅಪೇಕ್ಷಣೀಯ. ಫಿಲ್ಟರು ನಡೆಯುತ್ತಿರುವಾಗ ನೀರಿನಲ್ಲಿ ಕೈಯಿಟ್ಟರೆ ಜುಮ್ಮೆನ್ನುವ ಅನುಭವವಾದಲ್ಲಿ ಮುಖ್ಯ ಸ್ವಿಚ್ಚನ್ನು ಆರಿಸಿ, ಎಲ್ಲ ಪ್ಲಗ್ಗುಗಳನ್ನೂ ತೆಗೆದು, ನೀರಿನಲ್ಲಿದ್ದ ಪ್ರತಿಯೊಂದು ಸಾಧನವನ್ನೂ ಪರೀಕ್ಷಿಸಿಕೊಂಡ ಹೊರತು ಪುನಃ ಬಳಸಬಾರದು. ಸುರುಳಿಯ ರಾಳ ಬಿರುಕುಬಿಟ್ಟಿದ್ದರೆ ಅಂತಹ ಮೋಟಾರನ್ನು ದುರಸ್ತಿ ಮಾಡಲಾಗದು.

ಫಿಲ್ಟರು ನಿಂತುಹೋದಲ್ಲಿ

ದುರಸ್ತಿಗಾಗಿ ಮೋಟಾರನ್ನು ಕೊಂಡೊಯ್ಯಬೇಕಾದಾಗ ಮಾಧ್ಯಮಗಳನ್ನು ಮುಚ್ಚಿದ ಡಬ್ಬಿಯಲ್ಲಿ ಬಿಡದೆ, ತೊಟ್ಟಿಯ ನೀರು ತುಂಬಿದ ತೆರೆದ ಬಕೆಟ್ಟಿನಲ್ಲಿ ಇರಿಸಿ ಏರ್ ಪಂಪಿನ ಕಲ್ಲನ್ನು ಹಾಕಬೇಕು. ತೊಟ್ಟಿಗೂ ಏರ್ ಪಂಪು ಬೇಕು. ಆ ದಿನಗಳಲ್ಲಿ ಮೀನುಗಳಿಗೆ ಆಹಾರವನ್ನು ನಿಲ್ಲಿಸುವುದು ಅಥವಾ ತೀರಾ ಕಡಿಮೆ ಮಾಡುವುದು ಒಳ್ಳೆಯದು. ಆರೋಗ್ಯವಂತ ದೊಡ್ಡ ಮೀನು ಎರಡು ಮೂರು ದಿನದ ಉಪವಾಸದಿಂದ ಸಾಯುವುದಿಲ್ಲ, ಅಮೋನಿಯಾದಿಂದ ಸಾಯುತ್ತದೆ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಕ್ಲೋರಿನ್ ನಿವಾರಿಸಿದ ನೀರಿನಿಂದ ಕಾಲುಭಾಗ ನೀರನ್ನು ತಕ್ಷಣ ಬದಲಾಯಿಸಬೇಕು.

ದೀರ್ಘ ವಿದ್ಯುತ್ ಕಡಿತದ ನಂತರ ಡಬ್ಬಿಯನ್ನು ತೆರೆದು ವಾಸನೆ ನೋಡಬೇಕು. ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಆ ನೀರನ್ನು ಪೂರ್ತಿ ಚೆಲ್ಲಿ, ಮಾಧ್ಯಮಗಳನ್ನು ತೊಟ್ಟಿಯ ನೀರಿನಲ್ಲಿ ತೊಳೆದ ನಂತರವೇ ಸ್ವಿಚ್ ಹಾಕತಕ್ಕದ್ದು.

ಖರೀದಿ, ದೂರು ಮತ್ತು ಅರ್ಜಿ

ಫಿಲ್ಟರನ್ನು ಖರೀದಿಸುವಾಗ ರಸೀದಿ ಮತ್ತು ವಾರಂಟಿ ಪತ್ರವನ್ನು ಪಡೆಯುವುದಲ್ಲದೆ ಇಂಪೆಲ್ಲರ್, ದಂಡ ಹಾಗೂ ರಬ್ಬರ್ ಉಂಗುರ ಪ್ರತ್ಯೇಕವಾಗಿ ದೊರೆಯುತ್ತವೆಯೇ ಎಂದು ವಿಚಾರಿಸಿಕೊಳ್ಳಬೇಕು. ಬಿಡಿಭಾಗ ಸಿಗದ ಅಗ್ಗದ ಫಿಲ್ಟರು ಒಂದು ದಂಡ ಮುರಿದ ದಿನ ಪೂರ್ತಿ ನಿರುಪಯುಕ್ತವಾಗುತ್ತದೆ. ವಾರಂಟಿ ಅವಧಿಯಲ್ಲಿ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ.

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಮನೆಯ ಹಿತ್ತಲಿನ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3.00 ಲಕ್ಷ ರೂಪಾಯಿ ಘಟಕ ವೆಚ್ಚವನ್ನು ನಿಗದಿಪಡಿಸಿ, ಸಾಮಾನ್ಯ ವರ್ಗದವರಿಗೆ ಶೇ. 40 ಹಾಗೂ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇ. 60ರಷ್ಟು ಸಹಾಯಧನವನ್ನು ಸೂಚಿಸಲಾಗಿತ್ತು. ಪ್ರಸಕ್ತ ಸಾಲಿನಲ್ಲಿ ಲಭ್ಯವಿರುವ ಸೌಲಭ್ಯಗಳ ಬಗ್ಗೆ ಅರ್ಜಿದಾರರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಇಂತಹ ಘಟಕದ ಅಂದಾಜುಪಟ್ಟಿಯನ್ನು ತಯಾರಿಸುವವರು ಪ್ರತಿ ತೊಟ್ಟಿಗೂ ಕ್ಯಾನಿಸ್ಟರ್ ಫಿಲ್ಟರನ್ನು ಸೇರಿಸುವ ಅವಶ್ಯಕತೆಯಿಲ್ಲ. ಮರಿಗಳಿರುವ ತೊಟ್ಟಿಯಲ್ಲಿ ಅದರ ಸೆಳೆತಕ್ಕೆ ಮರಿಗಳೇ ಜಾಲರಿಯೊಳಗೆ ಹೋಗುತ್ತವೆ. ಒಂದೇ ಏರ್ ಬ್ಲೋವರಿನಿಂದ ಅನೇಕ ತೊಟ್ಟಿಗಳ ಸ್ಪಂಜು ಫಿಲ್ಟರುಗಳನ್ನು ನಡೆಸುವುದು ಅಲ್ಲಿ ಹೆಚ್ಚು ಸೂಕ್ತ. ಬ್ಲೋವರಿನ ಸದ್ದು ಮಾತ್ರ ಕ್ಯಾನಿಸ್ಟರಿಗಿಂತ ಬಹಳ ಹೆಚ್ಚಾಗಿರುವುದರಿಂದ ಅದನ್ನು ಮಲಗುವ ಕೋಣೆಯಿಂದಲೂ ನೆರೆಮನೆಯ ಗೋಡೆಯಿಂದಲೂ ದೂರದಲ್ಲಿ, ತೊಟ್ಟಿಗಳ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಅಳವಡಿಸತಕ್ಕದ್ದು. ಕೆಳಗೆ ಅಳವಡಿಸಿದಲ್ಲಿ ಕರೆಂಟು ಹೋದಾಗ ನೀರು ಗಾಳಿಯ ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಬ್ಲೋವರಿನೊಳಗೆ ಸೇರುವ ಸಂಭವವಿರುತ್ತದೆ.